ಅಜ್ಜಿಯ ಡಬ್ಬಿಯ ಬಿಲ್ಲೆಗಳು: ಯಾವುದು ನಾಣ್ಯ, ಯಾವುದು ಆಟಿಕೆ?

ಅಟ್ಟದ ಮೇಲಿನ ಡಬ್ಬಿಯಲ್ಲಿ ಸಿಕ್ಕ ಪುಟ್ಟ ಬಿಲ್ಲೆ ಚಿನ್ನದ ಪಣವೋ, ಮಕ್ಕಳ ಆಟಿಕೆಯೋ, ಲೆಕ್ಕಕ್ಕಿಟ್ಟುಕೊಂಡ ಟೋಕನ್ನೋ? ಗುರುತು ಹಿಡಿಯುವುದು ಹೇಗೆ? ಬೆಲೆ ಕಟ್ಟುವುದು ಹೇಗೆ? ಮುಖ್ಯವಾಗಿ, ಮೋಸ ಹೋಗದೆ ಇರುವುದು ಹೇಗೆ?

ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ದೂರ ಒಳಗೆ ನಡೆದರೆ ಸಿಗುವ ಹಳ್ಳಿಯ ಮನೆ ಅದು. ದೀಪಾವಳಿಗೆ ಮುಂಚೆ ಸುಣ್ಣ ಬಣ್ಣ ಆಗಬೇಕೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ತಗಡಿನ ಹಳೆಯ ಬಿಸ್ಕತ್ತು ಡಬ್ಬಿಯೊಂದು ಕೆಳಗಿಳಿಯಿತು. ಎಂಟನೇ ತರಗತಿಯ ಮೊಮ್ಮಗ ಮುಚ್ಚಳ ಕಿತ್ತು ಜಗಲಿಯ ಮೇಲೆ ಸುರಿದ. ನಡುವೆ ತೂತಿದ್ದ ಕಾಸು, ಅಲ್ಯುಮಿನಿಯಂನ ಒಂದು, ಎರಡು, ಮೂರು ಪೈಸೆಗಳು, 37 ಎಂದು ಸಂಖ್ಯೆ ಕೊರೆದ ಹಿತ್ತಾಳೆಯ ದೊಡ್ಡ ಬಿಲ್ಲೆ, ಆನೆಯ ಚಿತ್ರವಿದ್ದ ಸವೆದ ತಾಮ್ರದ ಕಾಸು, ಹಳದಿ ಪ್ಲಾಸ್ಟಿಕ್ಕಿನ ‘ರೂಪಾಯಿ’, ಅಂಗಿಯ ಗುಂಡಿಗಿಂತ ಕೊಂಚ ದೊಡ್ಡದಾದ ಬೆಳ್ಳಿಯ ಚೂರು, ಅದಕ್ಕಿಂತಲೂ ಚಿಕ್ಕದೊಂದು ಹೊಳೆಯುವ ಹಳದಿ ತಗಡು, ಹಿಡಿ ಕವಡೆ, ಒಂದಷ್ಟು ಹುಣಸೆ ಬೀಜ. ಇವೆಲ್ಲದರ ನಡುವೆ ರಾಮ, ಸೀತೆ, ಹನುಮಂತರ ಚಿತ್ರ, ‘ಈಸ್ಟ್ ಇಂಡಿಯಾ ಕಂಪನಿ’ ಎಂಬ ಇಂಗ್ಲಿಷ್ ಅಕ್ಷರ ಮತ್ತು 1818 ಎಂಬ ಇಸವಿ ಇದ್ದ ದಪ್ಪನೆಯ ನಾಣ್ಯವೊಂದು.

ಹುಡುಗನ ಅಪ್ಪ ನನ್ನ ಹಳೆಯ ಗೆಳೆಯರು. ಹಳೆಯ ನಾಣ್ಯಗಳ ಹುಚ್ಚಿನವನೆಂದು ನನ್ನನ್ನು ಕರೆಸಿದ್ದರು. ಆದರೆ ನಾನು ಹೋಗುವಷ್ಟರಲ್ಲಿ ಒಂದು ಅನಾಹುತ ಆಗಿಹೋಗಿತ್ತು. ಮೊಬೈಲಿನಲ್ಲಿ ಕಂಡ ‘ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ’ ಎಂಬ ಜಾಹೀರಾತಿನ ನಂಬರಿಗೆ ಅವರು ರಾಮನ ನಾಣ್ಯದ ಫೋಟೋ ಕಳಿಸಿದ್ದರು. ಹತ್ತೇ ನಿಮಿಷದಲ್ಲಿ ಕರೆ ಬಂತಂತೆ. ‘ನಿಮ್ಮ ನಾಣ್ಯಕ್ಕೆ ಮೂರು ಲಕ್ಷ ಮಂಜೂರಾಗಿದೆ, ನೋಂದಣಿ ಶುಲ್ಕ 1,550 ರೂಪಾಯಿ ಕಳಿಸಿ’ ಎಂದರಂತೆ. ಇವರು ಕಳಿಸಿದರು. ಮರುದಿನ ತೆರಿಗೆಯ ಹೆಸರಿನಲ್ಲಿ 12,000 ಕೇಳಿದರು. ಮಗನ ಶಾಲೆಯ ಶುಲ್ಕಕ್ಕೆಂದು ತೆಗೆದಿಟ್ಟ ಹಣ ಅಷ್ಟೇ ಇತ್ತು. ‘ಕಳಿಸಲೋ ಬೇಡವೋ ಅಂತ ಯೋಚನೆ ಮಾಡ್ತಿದ್ದೆ ಮಾರಾಯ’ ಎಂದರು ಗೆಳೆಯರು, ನನ್ನ ಮುಖ ನೋಡದೆ.

ಆ ಮಧ್ಯಾಹ್ನ ಜಗಲಿಯ ಮೇಲೆ ಕುಳಿತು ನಾವು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಡಬ್ಬಿ ಮಲೆನಾಡಿನ ಬಹುತೇಕ ಮನೆಗಳಲ್ಲಿ ಉಂಟು. ಇಂಥ ಕರೆಯೂ ಯಾವ ಮನೆಗಾದರೂ ಬರಬಹುದು.

ಮೊದಲು ಕೇಳಬೇಕಾದ ಪ್ರಶ್ನೆ

ನಾಣ್ಯದಂಥ ವಸ್ತು ಕೈಗೆ ಸಿಕ್ಕ ಕೂಡಲೇ ನಾವು ಕೇಳುವುದು ‘ಇದಕ್ಕೆಷ್ಟು ಬರುತ್ತದೆ?’ ಎಂದು. ಅದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ ‘ಇದನ್ನು ಯಾತಕ್ಕಾಗಿ ಮಾಡಿದರು?’ ಎಂಬುದು. ದುಂಡಗಿನ ಲೋಹದ ಬಿಲ್ಲೆಗಳೆಲ್ಲ ನಾಣ್ಯಗಳಲ್ಲ. ಕೊಡುಕೊಳ್ಳಲು ಸರ್ಕಾರವೋ ಅರಸನೋ ಅಚ್ಚು ಹಾಕಿಸಿದ್ದು ನಾಣ್ಯ. ಲೆಕ್ಕ ತಪ್ಪದಿರಲೆಂದು ಇಟ್ಟುಕೊಂಡದ್ದು ಎಣಿಕೆಯ ಬಿಲ್ಲೆ. ಮಕ್ಕಳು ಅಂಗಡಿಯಾಟ ಆಡಲೆಂದು ಮಾಡಿದ್ದು ಆಟಿಕೆ. ಪೂಜೆಗೆಂದೋ ಆಭರಣಕ್ಕೆಂದೋ ಮಾಡಿದ್ದು ಬೇರೆ. ಇನ್ನೊಬ್ಬರ ಕಣ್ಣಿಗೆ ಮಣ್ಣೆರಚಲೆಂದೇ ಮಾಡಿದ್ದೂ ಒಂದುಂಟು. ಯಾವ ಬಿಲ್ಲೆ ಯಾವ ಗುಂಪಿನದೆಂದು ತಿಳಿದರೆ ಬೆಲೆಯ ಮುಕ್ಕಾಲು ಪಾಲು ತಿಳಿದ ಹಾಗೆ.

ಹುಡುಗನಿಗೆ ಹಳೆಯ ನೋಟ್‌ಬುಕ್ಕಿನಲ್ಲಿ ಐದು ಪಟ್ಟಿ ಹಾಕಲು ಹೇಳಿದೆ. ‘ಕೊಡಲು, ಎಣಿಸಲು, ಆಡಲು, ಪೂಜೆಗೆ ಅಥವಾ ಒಡವೆಗೆ, ಮೋಸಕ್ಕೆ.’ ಜಗಲಿಯ ಮೇಲಿನ ಒಂದೊಂದು ಬಿಲ್ಲೆಯೂ ಒಂದೊಂದು ಪಟ್ಟಿಗೆ ಸೇರಬೇಕು.

ಚಿಕ್ಕದೆಲ್ಲ ಆಟಿಕೆಯಲ್ಲ

ಬೆಳ್ಳಿಯ ಚೂರನ್ನು ಹುಡುಗ ನೇರವಾಗಿ ‘ಆಡಲು’ ಎಂಬ ಪಟ್ಟಿಗೆ ಹಾಕಿದ. ಅಷ್ಟು ಚಿಕ್ಕದು ನಿಜವಾದ ದುಡ್ಡು ಹೇಗಾದೀತು ಎಂಬುದು ಅವನ ವಾದ. ಭೂತಗನ್ನಡಿ ಹಿಡಿದು ನೋಡಿದಾಗ ಒಂದು ಬದಿ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿ ‘ಎರಡು ಆಣೆ’ ಎಂಬ ಬರಹ ಕಂಡಿತು. ಬೆಳ್ಳಿಯ ಎರಡಾಣೆ! ರೂಪಾಯಿಗೆ 16 ಆಣೆ ತಾನೆ? ಆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಎರಡಾಣೆ ಅದರ ಎಂಟನೇ ಒಂದು ಪಾಲು. ಹುಡುಗನೇ ಭಾಗಿಸಿದ, 1.46 ಗ್ರಾಂ ಬಂತು. ಇಷ್ಟು ಪುಟ್ಟ ನಾಣ್ಯ ಕಳೆದುಹೋಗುತ್ತದೆಂಬ ದೂರು ಸಹಜವೇ. 1917ರ ತನಕ ಮಾತ್ರ ಬೆಳ್ಳಿಯ ಎರಡಾಣೆ ಅಚ್ಚಾಯಿತು. 1918ರಿಂದ ತಾಮ್ರ ನಿಕ್ಕಲ್ ಮಿಶ್ರಲೋಹದ ಚೌಕಾಕಾರದ ಎರಡಾಣೆ ಬಂತು.

ಗಾತ್ರ ನೋಡಿ ಆಟಿಕೆ ಎನ್ನುವವರು ನಮ್ಮ ನಾಡಿನ ಚಿನ್ನದ ಪಣವನ್ನು ನೋಡಿದರೆ ಏನೆನ್ನಬೇಕು! ಪಣದ ತೂಕ ಹೆಚ್ಚುಕಡಿಮೆ ಗ್ರಾಮಿನ ಮೂರನೇ ಒಂದು ಪಾಲು. ಅಕ್ಕಸಾಲಿಗರು ತೂಕಕ್ಕಿಟ್ಟುಕೊಳ್ಳುತ್ತಿದ್ದ ಗುಲಗಂಜಿಗಳಲ್ಲಿ ಮೂರನ್ನು ತಕ್ಕಡಿಗೆ ಹಾಕಿದರೆ ಎಷ್ಟಾಗುವುದೋ ಅಷ್ಟು. ಅಗಲ ಐದಾರು ಮಿಲಿಮೀಟರ್. ಉಗುರಿನ ಮೇಲಿಟ್ಟರೆ ಉಗುರೇ ದೊಡ್ಡದು. ಆದರೂ ನಾವು ದಿನವೂ ಆಡುವ ‘ಹಣ’ ಎಂಬ ಮಾತು ಹುಟ್ಟಿದ್ದು ಈ ಪಣದಿಂದ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ವಿದ್ಯಾರ್ಥಿಗಳು ವ್ಯಾಕರಣದಲ್ಲಿ ಓದಿರುತ್ತೀರಿ. ಪಾಲು ಹಾಲಾದಂತೆ, ಪಣ ಹಣವಾಯಿತು.

ಈ ಪಾಠ ಕಲಿಯಲು ಶಿಕಾರಿಪುರ, ಸೊರಬದ ಮಕ್ಕಳು ದೂರ ಹೋಗಬೇಕಾಗಿಲ್ಲ. ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ ಇದೆ. ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ನಾಡಿನ ದೊಡ್ಡ ಪಟ್ಟಣ. ಮಠಗಳು, ವರ್ತಕರ ಸಂಘಗಳು, ಸುಂಕದ ವ್ಯವಹಾರ ಎಲ್ಲವೂ ಅಲ್ಲಿದ್ದವು. ಈ ಸೀಮೆಯ ಶಾಸನಗಳಲ್ಲಿ ದತ್ತಿ, ತೆರಿಗೆಗಳನ್ನು ಗದ್ಯಾಣ, ಪಣ, ಹಾಗ, ವೀಸ ಎಂದೆಲ್ಲ ಬರೆಯಲಾಗಿದೆ. ಗದ್ಯಾಣ ದೊಡ್ಡ ಚಿನ್ನದ ನಾಣ್ಯ. ಪಣ ಸಾಮಾನ್ಯವಾಗಿ ಅದರ ಹತ್ತನೇ ಒಂದು. ಪಣದ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿ (1902) ಶಿಕಾರಿಪುರದ, ಎಂಟನೇ ಸಂಪುಟದಲ್ಲಿ (1904) ಸೊರಬದ ಶಾಸನಗಳನ್ನು ಪ್ರಕಟಿಸಿದ್ದಾರೆ. ಕಾಲೇಜು ಗ್ರಂಥಾಲಯದಲ್ಲಿ ಸಿಕ್ಕರೆ ತೆರೆದು ನೋಡಿ. ನಿಮ್ಮ ಊರಿನ ಹೆಸರೂ ಅದರಲ್ಲಿ ಇದ್ದೀತು!

ಮುಂದೆ ಈ ಸೀಮೆ ಕೆಳದಿ ನಾಯಕರ ಕೈಗೆ ಬಂತು. ಇಕ್ಕೇರಿ ವರಹ ಎಂದು ಹೆಸರಾದ ಅವರ ಚಿನ್ನದ ನಾಣ್ಯದ ಒಂದು ಬದಿ ಕುಳಿತ ಶಿವ ಪಾರ್ವತಿ, ಇನ್ನೊಂದು ಬದಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’ ಎಂಬ ಬರಹ. ತೂಕ ಸುಮಾರು 3.4 ಗ್ರಾಂ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ. ಜನ ನಂಬಿದ ನಾಣ್ಯದ ಮುಖ ಬದಲಿಸುವುದು ಸುಲಭವಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಬಿದನೂರಿಗೆ ನಗರ ಎಂಬ ಹೆಸರು ಬಂದು, ಟಿಪ್ಪುವಿನ ಕಾಲದಲ್ಲಿ ಅಲ್ಲೊಂದು ಟಂಕಸಾಲೆ ನಡೆಯಿತು. ಆನೆಯ ಚಿತ್ರದ ತಾಮ್ರದ ಕಾಸುಗಳನ್ನು ಟಿಪ್ಪುವೂ ಅಚ್ಚು ಹಾಕಿಸಿದ, ಅವನ ನಂತರದ ಮುಮ್ಮಡಿ ಕೃಷ್ಣರಾಜ ಒಡೆಯರೂ ಹಾಕಿಸಿದರು. ಹಿಂಬದಿಯಲ್ಲಿ ಪರ್ಷಿಯನ್ ಅಕ್ಷರದ ಟಂಕಸಾಲೆಯ ಹೆಸರಿದ್ದರೆ ಟಿಪ್ಪುವಿನದು. ‘ಮಯಿಲಿ ಕಾಸು’ ಎಂಬ ಕನ್ನಡ ಬರಹ ಕಂಡರೆ ಒಡೆಯರದು. ಡಬ್ಬಿಯ ಕಾಸು ಎರಡೂ ಬದಿ ಸವೆದು ಆನೆಯ ಬೆನ್ನು, ಸೊಂಡಿಲು ಮಾತ್ರ ಉಳಿದಿತ್ತು. ‘ಆನೆ ಕಾಸು, ಅರಸರ ಕಾಲದ್ದು, ಬರಹ ಕಾಣದು’ ಎಂದಷ್ಟೇ ಬರೆಸಿದೆ. ತಿಳಿದಷ್ಟನ್ನೇ ಬರೆಯುವುದು ಸಂಗ್ರಹಕಾರನ ಮೊದಲ ಶಿಸ್ತು.

ಹಳದಿ ತಗಡಿನ ಸರದಿ ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದರು. ಪಣವೇ ಇರಬಹುದೇ? ಗಾಜಿನಲ್ಲಿ ನೋಡಿದರೆ ಒಂದು ಬದಿ ಲಕ್ಷ್ಮಿ, ಇನ್ನೊಂದು ಬದಿ ಖಾಲಿ. ಅಂಚಿನಲ್ಲಿ ಬೆಸುಗೆಯ ಗುರುತು. ಅದು ಕಾಸಿನ ಸರದಿಂದ ಕಳಚಿದ ಬಿಲ್ಲೆ. ಅಕ್ಕಸಾಲಿಗರು ನಾಣ್ಯದ ಹಾಗೆ ಅಚ್ಚೊತ್ತಿ ಒಡವೆಗೆ ಕೂಡಿಸುವ ತಗಡು. ಚಿನ್ನವಾದ್ದರಿಂದ ತೂಕದ ಬೆಲೆ ಇದೆ, ಆದರೆ ಅದು ನಾಣ್ಯವಲ್ಲ. ‘ನಮ್ಮವ್ವನ ಸರದ್ದು ಅದು. ಹುಡುಕಿ ಹುಡುಕಿ ಸಾಕಾಗಿತ್ತು’ ಎಂದು ಅಜ್ಜಿ ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡರು. ಅದರ ಬೆಲೆಯನ್ನು ಮತ್ತೆ ಯಾರೂ ಕೇಳಲಿಲ್ಲ.

ಎಣಿಸಲು ಹುಟ್ಟಿದವು

ಹುಣಸೆ ಬೀಜ, ಕವಡೆಗಳನ್ನು ಹುಡುಗ ಆಚೆ ಎಸೆಯಲು ಹೊರಟಿದ್ದ. ಅಜ್ಜಿ ತಡೆದರು. ‘ಅವು ಲೆಕ್ಕದವು ಕಣೋ’ ಎಂದರು.

ಸುಗ್ಗಿಯಲ್ಲಿ ಕಣದ ಭತ್ತ ಅಳೆಯುವಾಗ ಒಂದು ಕೊಳಗಕ್ಕೆ ಒಂದು ಹುಣಸೆ ಬೀಜ ಪಕ್ಕಕ್ಕಿಡುತ್ತಿದ್ದರಂತೆ. ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ವಾಡಿಕೆ ನಿಮಗೂ ಗೊತ್ತಿರಬಹುದು. ಬೀಜ ಇಪ್ಪತ್ತಾದ ಕೂಡಲೇ ಅಷ್ಟನ್ನೂ ಹಿಂತೆಗೆದು ಒಂದು ಕವಡೆ ಇಡುವುದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ತಾನೆ? ಕೊನೆಗೆ ಮೂರು ಕವಡೆ, ಏಳು ಬೀಜ ಉಳಿದರೆ ಮೂರು ಖಂಡುಗ ಏಳು ಕೊಳಗ. ಹುಡುಗ ಥಟ್ಟನೆ ‘ಅರವತ್ತೇಳು ಕೊಳಗ!’ ಎಂದ. ಶಾಲೆಯಲ್ಲಿ ಬಿಡಿ, ಹತ್ತು, ನೂರು ಎಂದು ಕಲಿಯುವ ಸ್ಥಾನಬೆಲೆಯನ್ನು ಅಕ್ಷರ ಬಾರದ ಅಜ್ಜಿ ಬೀಜ ಮತ್ತು ಕವಡೆಗಳಲ್ಲಿ ನಡೆಸಿದ್ದರು.

ಯುರೋಪಿನಲ್ಲೂ ಕೆಲವು ಶತಮಾನ ಇದೇ ಪದ್ಧತಿ ಇತ್ತು. ಗೆರೆ ಎಳೆದ ಮೇಜಿನ ಮೇಲೆ ಲೋಹದ ಬಿಲ್ಲೆಗಳನ್ನು ಸರಿಸಿ ವರ್ತಕರು ಕೂಡಿ ಕಳೆಯುತ್ತಿದ್ದರು. ಅಂಗಡಿಯ ‘ಕೌಂಟರ್’ ಎಂಬ ಹೆಸರಿಗೆ ಆ ಎಣಿಕೆಯ ಮೇಜೇ ಮೂಲ. ಜರ್ಮನಿಯ ನ್ಯೂರೆಂಬರ್ಗ್ ಊರು ಈ ಬಿಲ್ಲೆಗಳ ತಯಾರಿಕೆಗೆ ಹೆಸರುವಾಸಿ. ಹದಿನಾರು, ಹದಿನೇಳನೇ ಶತಮಾನಗಳಲ್ಲಿ ಅಲ್ಲಿನ ಹಾನ್ಸ್ ಕ್ರೌವಿಂಕೆಲ್ ಎಂಬ ಕಸುಬುದಾರನ ಹೆಸರಿರುವ ಹಿತ್ತಾಳೆ ಬಿಲ್ಲೆಗಳು ಯುರೋಪಿನ ಉದ್ದಗಲಕ್ಕೆ ಹರಡಿದವು. ಇಂದಿಗೂ ಹೊಲಗಳಲ್ಲಿ ಸಿಕ್ಕುವ ಅವನ್ನು ಜನ ಚಿನ್ನದ ನಾಣ್ಯವೆಂದು ತಿಳಿದು ಬೇಸ್ತು ಬೀಳುವುದುಂಟು. ಅವುಗಳ ಮೇಲೆ ಬೆಲೆಯ ಅಂಕಿ ಇರುವುದಿಲ್ಲ. ಎಣಿಕೆಯ ಬಿಲ್ಲೆಗೆ ಸ್ವಂತ ಬೆಲೆ ಇಲ್ಲ, ಇಟ್ಟ ಸ್ಥಾನದಿಂದ ಬೆಲೆ ಬರುತ್ತದೆ.

ನಮ್ಮ ಮೈಸೂರು ಸೀಮೆಯಲ್ಲಿ ಇದಕ್ಕೂ ಸೋಜಿಗದ ಸಂಗತಿಯೊಂದುಂಟು. ಕಂಠೀರವ ನರಸರಾಜ ಒಡೆಯರು (1638-1659) ನರಸಿಂಹನ ಚಿತ್ರದ ಪುಟ್ಟ ಚಿನ್ನದ ಪಣ ಅಚ್ಚು ಹಾಕಿಸಿದರು. ಅಂಥ ಹತ್ತು ಪಣ ಸೇರಿದರೆ ಒಂದು ಕಂಠೀರಾಯ ವರಹ. ಆದರೆ ಆ ವರಹ ಲೆಕ್ಕದ ಪುಸ್ತಕದಲ್ಲಿತ್ತೇ ಹೊರತು ನಾಣ್ಯವಾಗಿ ಅಚ್ಚಾಗಲಿಲ್ಲ. ‘ಕಂಠೀರಾಯ ವರಹ ಮಾರುತ್ತೇನೆ’ ಎಂದು ಯಾರಾದರೂ ಬಂದರೆ ನಗುತ್ತ ಬಾಗಿಲು ತೋರಿಸಬಹುದು!

ಕೂಲಿಯ ಲೆಕ್ಕಕ್ಕೂ ಬಿಲ್ಲೆಗಳಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಸಿಂಹಳ ಮತ್ತು ದಕ್ಷಿಣ ಭಾರತದ ಕಾಫಿ ಉದ್ಯಮದಲ್ಲಿ ಕೂಲಿಯವರಿಗೆ ಕೆಲಸದ ಅಳತೆಗೆ ತಕ್ಕಂತೆ ತಾಮ್ರದ್ದೋ ಹಿತ್ತಾಳೆಯದೋ ಬಿಲ್ಲೆ ಕೊಟ್ಟು, ಮುಂದೆ ಅದನ್ನು ಹಿಂಪಡೆದು ಹಣ ಕೊಡುವ ರೂಢಿ ಇತ್ತು. ಅಂಥ ಬಿಲ್ಲೆಗಳ ಮೇಲೆ ತೋಟದ ಅಥವಾ ಕಂಪನಿಯ ಹೆಸರು ಇರುತ್ತದೆ. ಸಂಗ್ರಹಕಾರರು ಇವನ್ನು ಆಸೆಯಿಂದ ಕೊಳ್ಳುತ್ತಾರೆ.

ಇನ್ನು 37ನೇ ನಂಬರಿನ ಹಿತ್ತಾಳೆ ಬಿಲ್ಲೆ! ಅದನ್ನು ಕಂಡು ಹುಡುಗನ ಅಪ್ಪನಿಗೇ ನಗು ಬಂತು. ಅದು ಬ್ಯಾಂಕಿನ ಟೋಕನ್. ಕಂಪ್ಯೂಟರ್ ಬರುವ ಮುಂಚೆ ಹಣ ತೆಗೆಯಲು ಚೀಟಿ ಬರೆದು ಗುಮಾಸ್ತರಿಗೆ ಕೊಟ್ಟರೆ ಅವರು ಇಂಥದೊಂದು ಬಿಲ್ಲೆ ಕೊಡುತ್ತಿದ್ದರು. ಚೀಟಿ ಮೇಜಿನಿಂದ ಮೇಜಿಗೆ ಹೋಗಿ ಸಹಿಯಾಗಿ ಕ್ಯಾಷಿಯರ್ ತನಕ ಬರುವಷ್ಟರಲ್ಲಿ ಬೆಂಚಿನ ಮೇಲೆ ಕುಳಿತವರಿಗೆ ಒಂದು ನಿದ್ದೆ ಆಗುತ್ತಿತ್ತು. ‘ಮೂವತ್ತೇಳು!’ ಎಂದು ಕೂಗಿದಾಗ ಎದ್ದು ಬಿಲ್ಲೆ ಕೊಟ್ಟು ಹಣ ಪಡೆಯುವುದು. ಅದು ಮನೆಗೆ ಹೇಗೆ ಬಂತೆಂದು ಅಜ್ಜಿಯೂ ಹೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಆಡಲು ಹುಟ್ಟಿದವು

ಆಟಿಕೆ ನಾಣ್ಯಗಳಿಗೂ ಚರಿತ್ರೆ ಇದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ನ್ಯೂರೆಂಬರ್ಗಿನ ಲಾವರ್ ಎಂಬ ಕಾರ್ಖಾನೆ ವಿಕ್ಟೋರಿಯಾ ರಾಣಿಯ ತಲೆಯಿರುವ ಪುಟಾಣಿ ನಾಣ್ಯಗಳನ್ನು ಮಕ್ಕಳ ಆಟಕ್ಕೆಂದು ಮಾಡಿತು. ಕಾಳಿನ ಗಾತ್ರದ ಅವುಗಳ ಮೇಲೂ ಅಕ್ಷರಗಳು ಸ್ಪಷ್ಟವಾಗಿದ್ದವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಊರಿನ ಜೋಸೆಫ್ ಮೂರ್ 1844ರ ಸುಮಾರಿಗೆ ‘ಮಾದರಿ ಪೆನ್ನಿ’ ಎಂದು ತಾಮ್ರದ ನಡುವೆ ಬಿಳಿ ಲೋಹ ಕೂಡಿಸಿದ ಪುಟ್ಟ ಬಿಲ್ಲೆ ತಯಾರಿಸಿದ. ಭಾರವಾದ ತಾಮ್ರದ ಪೆನ್ನಿಗೆ ಬದಲು ಹೀಗೂ ಮಾಡಬಹುದೆಂದು ತೋರಿಸುವುದು ಅವನ ಉದ್ದೇಶ. ಜನ ಅದನ್ನು ಸರ್ಕಾರದ್ದೇ ಎಂದು ತಿಳಿದರು. ಕೊನೆಗೆ ಅಲ್ಲಿನ ಟಂಕಸಾಲೆಯವರು ‘ಇದು ನಮ್ಮದಲ್ಲ’ ಎಂದು ಹೇಳಬೇಕಾಯಿತು.

ಆಟದ ಬಿಲ್ಲೆ ಮೋಸಕ್ಕೆ ಬಳಕೆಯಾದದ್ದೂ ಉಂಟು. 1837ರ ಇಸವಿ ಮತ್ತು ‘ಹ್ಯಾನೋವರಿಗೆ’ ಎಂಬ ಅರ್ಥದ ಇಂಗ್ಲಿಷ್ ಬರಹವಿರುವ ಹಿತ್ತಾಳೆಯ ಇಸ್ಪೀಟು ಬಿಲ್ಲೆಗಳು ಬ್ರಿಟನ್ನಿನಲ್ಲಿ ಹೇರಳವಾಗಿದ್ದವು. ಕುದುರೆ ಸವಾರನ ಚಿತ್ರವಿದ್ದ ಅವು ಮಬ್ಬು ಬೆಳಕಿನಲ್ಲಿ ಚಿನ್ನದ ಸವರನ್ನಿನಂತೆಯೇ ಕಾಣುತ್ತಿದ್ದವು. ನಮ್ಮ ಕಾಲದ್ದೇ ಬೇಕೆಂದರೆ, 2017ರ ಫೆಬ್ರುವರಿಯಲ್ಲಿ ದೆಹಲಿಯ ಎಟಿಎಂ ಒಂದರಿಂದ ‘ಚಿಲ್ಡ್ರನ್ ಬ್ಯಾಂಕ್ ಆಫ್ ಇಂಡಿಯಾ’ ಎಂದು ಮುದ್ರಿಸಿದ್ದ 2000 ರೂಪಾಯಿಯ ಆಟಿಕೆ ನೋಟುಗಳು ಹೊರಬಂದದ್ದು ದೊಡ್ಡ ಸುದ್ದಿಯಾಗಿತ್ತು.

ಡಬ್ಬಿಯ ಪ್ಲಾಸ್ಟಿಕ್ ರೂಪಾಯಿ ಯಾವ ಜಾತ್ರೆಯಲ್ಲಿ ಕೊಂಡದ್ದೋ! ಮಾರಲು ಹೋದರೆ ಏನೂ ಹುಟ್ಟದು. ಆದರೆ ತಂಗಿಗೆ ಚಿಲ್ಲರೆ ಲೆಕ್ಕ ಕಲಿಸಲು ಅದಕ್ಕಿಂತ ಒಳ್ಳೆಯದಿಲ್ಲ.

ಮೋಸಕ್ಕೆ ಹುಟ್ಟಿದವು

ಈಗ ಮೂರು ಲಕ್ಷದ ನಾಣ್ಯಕ್ಕೆ ಬರೋಣ. ರಾಮ ಸೀತೆಯರ ಚಿತ್ರವಿರುವ ಬಿಲ್ಲೆಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ. ಒಂದು ಬದಿ ಪಟ್ಟಾಭಿಷೇಕ, ಇನ್ನೊಂದು ಬದಿ ಬಿಲ್ಲು ಹಿಡಿದ ರಾಮ ಲಕ್ಷ್ಮಣರು. ಇವು ರಾಮಟಂಕಿಗಳು. ದೇವರ ಪೆಟ್ಟಿಗೆಯಲ್ಲಿಟ್ಟು ಪೂಜಿಸಲು ಮಾಡಿದವು, ಯಾರೂ ಇವನ್ನು ಕೊಟ್ಟು ಬೆಲ್ಲ ಕೊಂಡವರಲ್ಲ. ಬೆಳ್ಳಿಯದಾದರೆ ಬೆಳ್ಳಿಯ ಬೆಲೆ, ಹಳೆಯದಾದರೆ ಅದಕ್ಕೆ ಇನ್ನಷ್ಟು. ಇದರಲ್ಲಿ ಮೋಸವೇನೂ ಇಲ್ಲ.

ಮೋಸ ಶುರುವಾಗುವುದು ದೇವರ ಚಿತ್ರದ ಜತೆಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ, ‘ಅರ್ಧ ಆಣೆ’, ‘ಒಂದಾಣೆ’ ಎಂಬ ಬೆಲೆಯನ್ನೂ, 1818ರಂಥ ಇಸವಿಯನ್ನೂ ಕೂಡಿಸಿದಾಗ. ಇವು ಕಂಪನಿ ಹೊರಡಿಸಿದ ನಾಣ್ಯಗಳೇ ಅಲ್ಲ, ಬಹಳ ಈಚೆಗೆ ಮಾಡಿದ ಕಟ್ಟುಕತೆಯ ನಾಣ್ಯಗಳು. ಕೆಲವದರ ಮೇಲೆ 1616 ಎಂದೂ ಇರುತ್ತದೆ. ಕಂಪನಿಯವರು ಸೂರತ್ತಿನಲ್ಲಿ ವ್ಯಾಪಾರಕ್ಕೆ ಆಗಷ್ಟೇ ಕಾಲೂರುತ್ತಿದ್ದ ಕಾಲ ಅದು. ಆಣೆಯ ನಾಣ್ಯಕ್ಕೆ ಅಚ್ಚು ಹಾಕುವುದೆಲ್ಲಿಂದ ಬಂತು? ಕಂಪನಿಯ ಆಡಳಿತದ ಎಲ್ಲ ಕಡೆಗೂ ಒಂದೇ ಬಗೆಯ ನಾಣ್ಯ ಬಂದದ್ದು 1835ರಲ್ಲಿ, ನಾಲ್ಕನೇ ವಿಲಿಯಂ ದೊರೆಯ ತಲೆಯೊಂದಿಗೆ. ಚರಿತ್ರೆಯ ಪುಸ್ತಕ ಓದಿದ ಹುಡುಗ ಸಾಕು ಈ ಮೋಸ ಹಿಡಿಯಲು.

ಇಂಥ ನಾಣ್ಯವನ್ನು ಮುಂದಿಟ್ಟುಕೊಂಡು ‘ಇದು ಅಕ್ಕಿಕಾಳನ್ನು ಎಳೆಯುತ್ತದೆ, ಸಿಡಿಲು ಬಡಿದ ಲೋಹ, ವಿದೇಶದಲ್ಲಿ ಕೋಟಿ ಬೆಲೆ’ ಎಂದು ನಂಬಿಸಿ ಹಣ ದೋಚುವ ತಂಡಗಳು ಅಲ್ಲಲ್ಲಿ ಪೊಲೀಸರಿಗೆ ಸಿಕ್ಕಿಬೀಳುತ್ತಲೇ ಇವೆ. ಯಾವ ಲೋಹವೂ ಅಕ್ಕಿಯನ್ನು ಸೆಳೆಯುವುದಿಲ್ಲ. ಹಳೆಯ ನಾಣ್ಯ, ನೋಟು ಕೊಳ್ಳುವುದಾಗಿ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿತ್ತು. ಒಂದೇ ಸೂತ್ರ ನೆನಪಿಡಿ. ಕೊಳ್ಳುವವನು ಹಣ ಕೊಡಬೇಕು, ಕೇಳಬಾರದು. ಕೇಳಿದನೆಂದರೆ ಅವನು ಕೊಳ್ಳುವವನಲ್ಲ. ಹಣ ಕಳೆದುಕೊಂಡವರು ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಇದಕ್ಕೆ ದೊಡ್ಡ ಸಲಕರಣೆ ಬೇಡ. ಭೂತಗನ್ನಡಿ, ಸ್ಕೇಲು, ಅಯಸ್ಕಾಂತ, ಗ್ರಾಮಿನ ಭಾಗವನ್ನೂ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಸಾಕು.

ಮೊದಲು ಬರಹ ಓದಿ. ಹೊರಡಿಸಿದವರ ಹೆಸರು, ಬೆಲೆ, ಇಸವಿ ಮೂರೂ ಇದ್ದರೆ ಬ್ರಿಟಿಷರ ಕಾಲದ ಅಥವಾ ಆಮೇಲಿನ ನಾಣ್ಯ ಇರಬಹುದು. ಅರಸರ ಕಾಲದ ನಾಣ್ಯಗಳಲ್ಲಿ ಮೂರೂ ಇರಬೇಕೆಂದಿಲ್ಲ. ಸಂಖ್ಯೆ ಮಾತ್ರ ಇದ್ದರೆ ಟೋಕನ್. ದೇವರ ಚಿತ್ರ ಮಾತ್ರ ಇದ್ದರೆ ಪೂಜೆಯದೋ ಒಡವೆಯದೋ. ‘ಮಾದರಿ’, ‘ಆಟ’ ಎಂಬರ್ಥದ ಪದವಿದ್ದರೆ ಆಟಿಕೆ. ಜರ್ಮನ್ ಬಿಲ್ಲೆಗಳ ಮೇಲಿನ ‘ಸ್ಪೀಲ್’ ಎಂಬುದಕ್ಕೆ ಆಟವೆಂದೇ ಅರ್ಥ.

ಎರಡನೆಯದು ತೂಕ ಮತ್ತು ಅಗಲ. ನಿಜವಾದ ನಾಣ್ಯಗಳ ತೂಕ, ಅಗಲಗಳು ನಾಣ್ಯಗಳ ಪುಸ್ತಕಗಳಲ್ಲಿ ಸಿಗುತ್ತವೆ. ಬೆಳ್ಳಿ ರೂಪಾಯಿ ಎಂದು ಕೊಟ್ಟದ್ದು 9 ಗ್ರಾಂ ತೂಗಿದರೆ ಅನುಮಾನಿಸಲೇಬೇಕು. ಸವೆತದಿಂದ ಅಷ್ಟು ಕಡಿಮೆಯಾಗದು.

ಮೂರನೆಯದು ಅಯಸ್ಕಾಂತ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಅಂಟುವುದಿಲ್ಲ. ಆದರೆ ಅಂಟಿದ್ದೆಲ್ಲ ಖೋಟಾ ಎಂದು ಹೇಳಬೇಡಿ. ಹುಲಿಯ ಚಿತ್ರವಿರುವ 1947ರ ರೂಪಾಯಿ ಶುದ್ಧ ನಿಕ್ಕಲ್‌ನದು, ಅದು ಅಂಟುತ್ತದೆ. 1988ರಿಂದ ಬಂದ ಸ್ಟೇನ್‌ಲೆಸ್ ಸ್ಟೀಲಿನ ಪೈಸೆಗಳೂ ಅಂಟುತ್ತವೆ.

ನಾಲ್ಕನೆಯದು ಅಂಚು. ಬೆಸುಗೆ, ತೂತು, ಕೊಂಡಿಯ ಗುರುತು ಇದ್ದರೆ ಅದು ಒಡವೆಯಾಗಿತ್ತು. ಅಂಚಿನ ನಡುವೆ ಸುತ್ತಲೂ ತೆಳ್ಳಗಿನ ಗೆರೆ ಕಂಡರೆ ಎರಕ ಹೊಯ್ದ ನಕಲು ಇರಬಹುದು.

ಇಸವಿಯ ಕೆಳಗಿನ ಚಿಹ್ನೆಯನ್ನೂ ನೋಡಿ. ಸ್ವತಂತ್ರ ಭಾರತದ ನಾಣ್ಯಗಳಲ್ಲಿ ವಜ್ರಾಕೃತಿ ಮುಂಬೈಯ, ನಕ್ಷತ್ರ ಹೈದರಾಬಾದಿನ, ಚುಕ್ಕಿ ನೊಯ್ಡಾದ ಗುರುತು. ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಮಕ್ಕಳು ಮನೆಯ ಚಿಲ್ಲರೆಯಲ್ಲಿ ಇಂದೇ ಹುಡುಕಿ ನೋಡಬಹುದು.

ಒಂದು ಕೆಲಸವನ್ನು ಮಾತ್ರ ಮಾಡಲೇಬೇಡಿ. ಹುಣಸೆಹಣ್ಣು, ಬೂದಿ, ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಬೇಡಿ! ಹಳೆಯ ತಾಮ್ರದ ಮೇಲಿನ ಕಂದು ಲೇಪವೇ ಅದರ ವಯಸ್ಸಿನ ಸಾಕ್ಷಿ. ತಿಕ್ಕಿದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು.

ಬೆಲೆ ಎಂದರೆ ಯಾವ ಬೆಲೆ?

ಒಂದು ನಾಣ್ಯಕ್ಕೆ ಮೂರು ಬೆಲೆ. ಮೊದಲನೆಯದು ಮುಖಬೆಲೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅವುಗಳ ಮುಖಬೆಲೆ ಈಗ ಸೊನ್ನೆ.

ಎರಡನೆಯದು ಲೋಹದ ಬೆಲೆ. ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯಲ್ಲಿ ನೂರಕ್ಕೆ 91.67 ಪಾಲು ಬೆಳ್ಳಿ. 11.66 ಗ್ರಾಮಿನಲ್ಲಿ ಸುಮಾರು 10.7 ಗ್ರಾಂ. ಅಂದಿನ ಬೆಳ್ಳಿ ದರದಿಂದ ಗುಣಿಸಿದರೆ ಅಂಗಡಿಯವನು ಕೊಡಬೇಕಾದ ಕನಿಷ್ಠ ಬೆಲೆ ಗೊತ್ತಾಗುತ್ತದೆ. 1940ರಿಂದ ಬಂದ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ. ಇಸವಿ ನೋಡದೆ ಕೊಟ್ಟರೆ, ಕೊಂಡರೆ ಯಾರಾದರೊಬ್ಬರು ಮೋಸ ಹೋಗುತ್ತಾರೆ.

ಮೂರನೆಯದು ಸಂಗ್ರಹಕಾರರ ಬೆಲೆ. ಇದು ಹಳತನದಿಂದ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಚೆನ್ನಾಗಿದೆ, ಬೇಕೆನ್ನುವವರು ಎಷ್ಟು ಮಂದಿ ಎಂಬ ಮೂರರಿಂದ ಬರುತ್ತದೆ. 1943ರಿಂದ 1947ರವರೆಗೆ ಅಚ್ಚಾದ ತೂತಿನ ಕಾಸು ಲೋಹ ಉಳಿಸಲು ಹುಟ್ಟಿದ ಯುದ್ಧಕಾಲದ ಕೂಸು. ರಾಶಿ ರಾಶಿ ಅಚ್ಚಾಗಿದ್ದರಿಂದ ಇಂದಿಗೂ ಅಗ್ಗ. ಅಲ್ಯುಮಿನಿಯಂನ ಪೈಸೆಗಳೂ ಅಷ್ಟೆ. ಅದೇ 1939ರ ಬೆಳ್ಳಿ ರೂಪಾಯಿ ಸಿಗುವುದು ಅಪರೂಪ, ಆದ್ದರಿಂದ ದುಬಾರಿ, ಆದ್ದರಿಂದಲೇ ಅದರ ನಕಲುಗಳೂ ಉಂಟು. ವೈಷ್ಣೋದೇವಿಯ ಚಿತ್ರವಿರುವ 2012ರ ಐದು, ಹತ್ತು ರೂಪಾಯಿಗಳಿಗೆ ಲಕ್ಷ ಬರುತ್ತದೆಂಬುದು ಬರೀ ಗಾಳಿಮಾತು.

ಬೆಲೆ ತಿಳಿಯಬೇಕೆಂದರೆ ಜಾಹೀರಾತು ನೋಡಬೇಡಿ. ಅದರಲ್ಲಿರುವುದು ಕೇಳಿದ ಬೆಲೆ. ಹರಾಜಿನಲ್ಲಿ ನಿಜವಾಗಿ ಮಾರಿದ ಬೆಲೆ ನೋಡಿ. ಇಬ್ಬರು ಮೂವರು ವ್ಯಾಪಾರಿಗಳನ್ನು ಕೇಳಿ. ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಕುರಿತ ಇಂಗ್ಲಿಷ್ ಗ್ರಂಥ (1975) ಗುರುತು ಹಿಡಿಯಲು ನೆರವಾಗುತ್ತದೆ. ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯ, ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯಗಳಿಗೆ ಶಾಲೆಯಿಂದ ಒಂದು ಪ್ರವಾಸ ಏರ್ಪಡಿಸಬಾರದೇಕೆ?

ಮಣ್ಣಿನಲ್ಲಿ ಸಿಕ್ಕರೆ

ಅಟ್ಟದಲ್ಲಿ ಸಿಕ್ಕದ್ದು ಮನೆಯದು. ಆದರೆ ಗದ್ದೆ ಉಳುವಾಗಲೋ ಬುನಾದಿ ತೋಡುವಾಗಲೋ ಹೂತಿಟ್ಟ ನಾಣ್ಯ ಸಿಕ್ಕರೆ ಕಾನೂನು ಬೇರೆ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತವೆ, ಖಾಸಗಿಯವರು ಅವನ್ನು ವಿದೇಶಕ್ಕೆ ಮಾರುವಂತಿಲ್ಲ. ಹೆದರಿ ಕರಗಿಸಿಬಿಡುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಬಳ್ಳಿಗಾವಿ, ತಾಳಗುಂದ, ಚಂದ್ರಗುತ್ತಿ, ಕುಪ್ಪಟೂರುಗಳಿರುವ ನಾಡಿನಲ್ಲಿ ಯಾವ ಹೆಂಟೆಯಲ್ಲಿ ಯಾವ ಚರಿತ್ರೆ ಇದೆಯೋ ಹೇಳಲಾಗದು. ಎಲ್ಲಿ, ಯಾವ ಆಳದಲ್ಲಿ, ಯಾವುದರ ಜತೆ ಸಿಕ್ಕಿತೆಂಬುದು ಇತಿಹಾಸಕಾರನಿಗೆ ಚಿನ್ನಕ್ಕಿಂತ ಹೆಚ್ಚು.

ಸಂಜೆಯಾಗುವ ಹೊತ್ತಿಗೆ ಹುಡುಗನ ಪಟ್ಟಿ ಮುಗಿದಿತ್ತು. ಮಾರಿದರೆ ಇಡೀ ಡಬ್ಬಿಗೆ ನೂರರ ಲೆಕ್ಕದಲ್ಲಿ ಏನಾದರೂ ಬಂದೀತು, ಲಕ್ಷದ ಮಾತು ದೂರವೇ ಉಳಿಯಿತು. ಅವನ ಮುಖ ಸಣ್ಣದಾಯಿತು. ಆಗ ನಾನು ಒಂದು ಕೆಲಸ ಹೇಳಿದೆ. ಒಂದೊಂದು ಬಿಲ್ಲೆಗೂ ಒಂದೊಂದು ಕಾಗದದ ಲಕೋಟೆ ಮಾಡು, ಮೇಲೆ ಏನು, ಎಷ್ಟು ತೂಕ, ಯಾವ ಇಸವಿ ಎಂದು ಬರಿ, ಕೆಳಗೆ ಅಜ್ಜಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರಿ ಎಂದೆ. ತೂಕ, ಇಸವಿಯನ್ನು ನಾಳೆ ಬೇರೆಯವರೂ ಬರೆದಾರು. ಬೀಜ ಎಷ್ಟಾದರೆ ಕವಡೆ ಇಡುತ್ತಿದ್ದರೆಂದು ಹೇಳಲು ಆ ಮನೆಯಲ್ಲಿ ಉಳಿದವರು ಅವರೊಬ್ಬರೇ.

ಹೊರಡುವಾಗ ಗೆಳೆಯರ ಮೊಬೈಲು ಮತ್ತೆ ಹೊಡೆದುಕೊಂಡಿತು. ಅದೇ ನಂಬರು. ಅವರು ಅದನ್ನು ಎತ್ತಲಿಲ್ಲ. ಅದು ನಿಂತ ಮೇಲೆ ತಾವೇ 1930 ಒತ್ತಿದರು. ಒಳಗೆ ಹುಡುಗ ಅಜ್ಜಿಯನ್ನು ಕೇಳುತ್ತಿದ್ದುದು ಕೇಳಿಸಿತು.

‘ಅಜ್ಜೀ, ಇಪ್ಪತ್ತು ಕವಡೆ ಆದ ಮೇಲೆ ಏನಿಡ್ತಿದ್ರಿ?’

‘ಅಷ್ಟು ಭತ್ತ ನಮ್ಮ ಮನೇಲಿ ಯಾವತ್ತೂ ಆಗಿಲ್ಲ ಮಗಾ’ ಎಂದರು ಅಜ್ಜಿ.